ಪಾಲಿಗೆ ಬಾರದ ಮರಿ

ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ಇನ್ನೊಂದು ಉಂಡೆ ಹಿಟ್ಟನ್ನು ಮಣೆಯ ಮೇಲಿಟ್ಟು ಸಾತವ್ವ ಇನ್ನೇನು ಬಡಿಯಬೇಕು, ಅಷ್ಟರಲ್ಲಿ ಅಂಗಳದಲ್ಲಿ ಕೋಳಿ ಬಾಯಿ ಮಾಡಿತು. ಬೆಕ್ಕು ಬಂದರೆ ಕೋಳಿ ಕೂಗುವುದೇ ಬೇರೆ, ಹದ್ದು ಬಂದರೆ ಕೂಗುವುದೇ ಬೇರೆ. ಇದು ಹದ್ದಿಗೆ ಹಾಕುವ ಕೂಗು. ಹಿಟ್ಟುಗೈಯಲ್ಲೇ ಅವಳು ಹೊರಗೆ ಓಡಿದಳು. ಮರಿಯೊಂದನ್ನು ಉಗುರಲ್ಲಿ ಅವುಚಿಕೊಂಡು ಹದ್ದು ಆಗಲೇ ಮಾಳಿಗೆಯ ಎತ್ತರಕ್ಕೆ ಏರಿತ್ತು. ಬಾಗಿಲ ಬಳಿ ಒಟ್ಟಿದ್ದ ತೊಗರಿಕಟ್ಟಿಗೆಯಲ್ಲಿ ಒಂದನ್ನು ಎಳೆದು ಬೀಸಿ ಒಗೆದಳು. ಕಟ್ಟಿಗೆ ಹದ್ದಿಗೆ ತಾಗಲಿಲ್ಲ. ಆದರೆ ಅದು ಬೆದರಿ ಹಿಡಿತ ಬಿಟ್ಟಿತು. ಮರಿ ಕೆಳಗೆ, ಅಂಗಳದಲ್ಲಿ ಎರಡು ಗುಂಪು ಮಾಡಿಟ್ಟಿದ್ದ ಮನೆಯ ಸಾಮಾನುಗಳ ನಡುವೆ ಬಿತ್ತು.

ಆ ದಿನ ಮನೆ ಪಾಲಾಗುತ್ತಿತ್ತು. ತುಕ್ಕಾನಟ್ಟಿಯ ಆ ಕೇರಿಯಲ್ಲಿ ಹಿಂದಿನಿಂದ ಬಂದ ರೂಢಿಯೆಂದರೆ, ಹಿರಿಯವನು ಪಾಲು ಮಾಡಬೇಕು, ಕಿರಿಯವನು ಆರಿಸಿಕೊಳ್ಳಬೇಕು. ಹಾಗೆ ಮಾಡಿದರೆ ಯಾರೂ ಯಾರಿಗೂ ಮೋಸ ಮಾಡಲಾರರು ಎಂಬುದು ಹಿರಿಯರ ಎಣಿಕೆ. ಸಾತವ್ವನ ಹಿರಿಯ ತಮ್ಮ ಲಗಮಣ್ಣ ಬೆಳಿಗ್ಗೆಯಿಂದ ಹಂಡೆ, ಕೊಡ, ಹಾರಿ, ಸಲಿಕೆ, ಕೌದಿಗಳನ್ನು ಎಡಕ್ಕಿಷ್ಟು ಬಲಕ್ಕಿಷ್ಟು ಇಡುತ್ತಿದ್ದ. ಕಿರಿಯ ತಮ್ಮ ಉದ್ದಪ್ಪ ಕೈಕಟ್ಟಿ ನಿಂತು ನೋಡುತ್ತಿದ್ದ. ಅವನ ಹೆಂಡತಿ ಕೆಂಪವ್ವ ಕಂಬದ ಮರೆಯಲ್ಲಿ, ಲಗಮಣ್ಣನ ಹೆಂಡತಿ ಇಂದ್ರವ್ವ ಬಾಗಿಲ ಮರೆಯಲ್ಲಿ ನಿಂತಿದ್ದರು. ಇವರೆಲ್ಲರ ಕಾಕಾ ಸತ್ತೆಪ್ಪ ಕಟ್ಟೆಯ ಮೇಲೆ ಕೂತು, ಎಲೆಅಡಿಕೆ ಮೆಲ್ಲುತ್ತ ಪಂಚಾಯಿತಿ ಮಾಡುತ್ತಿದ್ದ.

"ಸರಕಾರದವರು ರೂಪಾಯಿಗೆ ನೂರ ಪೈಸಾ ಮಾಡ್ಯಾರಂತ, ನೀವು ಒಂದ ಮನಿಗೆ ಎರಡ ಒಲಿ ಮಾಡಾಕತ್ತೀರಿ. ಮಾಡ್ರಿ, ಮಾಡ್ರಿ. ಕಾಲಮಾನನ ಹಾಂಗೈತಿ," ಎಂದು ಅವನು ಆಗಲೇ ಹೇಳಿ ಮುಗಿಸಿದ್ದ.

ಮರಿ ಬಿದ್ದಲ್ಲೇ ಬಿದ್ದಿತ್ತು. ಬೆನ್ನಿನ ತೊಗಲು ಸುಲಿದು ಒಳಗಿನ ಕೆಂಪು ಕಾಣುತ್ತಿತ್ತು. ಒಂದು ಕಾಲು ಜೋತಾಡುತ್ತಿತ್ತು.

"ಇದನ್ನ ಯಾ ಗುಂಪಿಗೆ ಹಾಕೂನು?" ಎಂದ ಲಗಮಣ್ಣ. "ಮರಿ ಒಟ್ಟ ಒಂಬತ್ತ ಅದಾವು. ನಾಕ ಅತ್ತಾಗ, ಐದ ಇತ್ತಾಗ. ಇದು ಎಡಕ್ಕಿರಲಿ."

"ಹಾಂಗಾದ್ರ ನಾವು ಬಲಕಿಂದು ಆರಿಸ್ತೇವಿ," ಕಂಬದ ಮರೆಯಿಂದ ಕೆಂಪವ್ವನ ದನಿ ಬಂತು.

"ಬಲಕ್ಕ ಇಡತೇನಿ, ತಗೋ."

"ಹಾಂಗಾದ್ರ ಎಡಕಿಂದು."

ಸತ್ತೆಪ್ಪ ಉಗುಳಿ ಬಂದು ಮರಿಯ ಕಡೆ ನೋಡಿದ. "ಸಾಯೂ ಜೀವಕ್ಕ ಯಾಕ ಇಷ್ಟ ಜಗಳಾ? ಲೆಕ್ಕದಾಗ ಹಿಡೀಬ್ಯಾಡ್ರಿ. ಎಂಟ ಮರಿ, ನಾಕ-ನಾಕ. ಮುಗೀತು."

ಸಾತವ್ವ ಬಗ್ಗಿ ಮರಿಯನ್ನು ಸೆರಗಿನಲ್ಲಿ ಎತ್ತಿಕೊಂಡಳು. ಯಾರೂ ಬೇಡ ಎನ್ನಲಿಲ್ಲ. ಒಳಗೆ ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಒಂದು ಮಗ್ಗುಲು ಕರಕಾಗಿತ್ತು. ಅದನ್ನು ತನಗೆಂದು ಬದಿಗಿಟ್ಟು, ಮರಿಯನ್ನು ಒಲೆಯ ಹಿಂದೆ ಬೆಚ್ಚಗಿನ ಬೂದಿಯ ಪಕ್ಕ ಅರಿವೆಯ ಮೇಲೆ ಮಲಗಿಸಿ, ಮತ್ತೆ ರೊಟ್ಟಿಗೆ ಕೂತಳು. ಪಾಲು ಮಾಡಲು ಬಂದವರಿಗೆ ಊಟಕ್ಕಾಗಬೇಕಿತ್ತು.

ರೊಟ್ಟಿ ಬಡಿಯುವ ಸದ್ದಿನ ನಡುವೆಯೂ ಹೊರಗಿನ ಮಾತು ಕೇಳುತ್ತಿತ್ತು. ಹಂಡೆ ಆಯಿತು, ಕೊಡ ಆಯಿತು. ತಾಯಿಕೋಳಿ ಒಂದು ಕಡೆಗೆ, ಅದಕ್ಕೆ ಸರಿಯಾಗಿ ಹಾರಿ-ಸಲಿಕೆ ಇನ್ನೊಂದು ಕಡೆಗೆ. ಅಂಗಳದ ನಡುವೆ ಗೋಡೆ ಹಾಕುವುದೆಂದಾಯಿತು. ಮನೆದೇವರು ಲಕ್ಕವ್ವನ ಜಗುಲಿ ಇರುವ ಪಡಸಾಲೆಯನ್ನು ಮಾತ್ರ ಮುಟ್ಟಬಾರದು, ದೇವರನ್ನು ಪಾಲು ಮಾಡಿದರೆ ಮನೆತನಕ್ಕೆ ಒಳ್ಳೆಯದಲ್ಲ ಎಂದು ಸತ್ತೆಪ್ಪ ಹೇಳಿದ.

"ಮತ್ತ ಅಕ್ಕ?" ಎಂದ ಉದ್ದಪ್ಪ.

ಸಾತವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಅವಳ ಗಂಡ ಸೊಲ್ಲಾಪುರದ ಗಿರಣಿಗೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿದ್ದ. ಅವಳು ತವರಿಗೆ ಬಂದು ವರುಷಗಳೇ ಆಗಿದ್ದವು. ಬಂದ ದಿನ ಅವ್ವ ಏನೂ ಕೇಳದೆ ತನ್ನ ಮಗ್ಗುಲಲ್ಲಿ ಕೌದಿ ಹಾಸಿದ್ದಳು. ಈಗ ಅವ್ವ ಇರಲಿಲ್ಲ. ಅಕ್ಕನನ್ನು ಎಡಗಡೆ ಗುಂಪಿಗೆ ಸೇರಿಸಿದರೆ ಏನಾಗುತ್ತದೆಂದು ಲಗಮಣ್ಣನಿಗೆ ಗೊತ್ತಿತ್ತು. ಬಲಗಡೆ ಸೇರಿಸಿದರೂ ಏನಾಗುತ್ತದೆಂದು ಗೊತ್ತಿತ್ತು. ಮರಿಯ ವಿಷಯದಲ್ಲಿ ಈಗಷ್ಟೇ ನೋಡಿದ್ದ.

"ಅಮಾಸಿಯಿಂದ ಅಮಾಸಿಗೆ ಪಾಳಿ ಹಚ್ಚರಿ," ಎಂದ ಸತ್ತೆಪ್ಪ. "ಒಂದ ತಿಂಗಳ ಇಲ್ಲಿ ಉಣ್ಣಲಿ, ಒಂದ ತಿಂಗಳ ಅಲ್ಲಿ. ಹೆಣ್ಣಮಗಳು, ಎಷ್ಟ ತಿಂತಾಳು?"

ಒಳಗೆ ಮತ್ತೆ ರೊಟ್ಟಿಯ ಸದ್ದು ಶುರುವಾಯಿತು.

ಮೊದಲ ಪಾಳಿ ಲಗಮಣ್ಣನ ಮನೆಯದು. ಸಾತವ್ವ ಅರಿಸಿನವನ್ನು ಕುಸುಬೆ ಎಣ್ಣೆಯಲ್ಲಿ ಕಲಸಿ ಮರಿಯ ಬೆನ್ನಿಗೆ ಹಚ್ಚಿದಳು. ಜೋಳದ ದಂಟಿನ ಸಿಪ್ಪೆಯನ್ನು ಎರಡು ಸೀಳು ಮಾಡಿ, ಮುರಿದ ಕಾಲಿನ ಅತ್ತಿತ್ತ ಇಟ್ಟು, ಹಳೆಯ ಸೀರೆಯ ಅಂಚಿನ ನೂಲಿನಿಂದ ಕಟ್ಟಿದಳು. ಮೊದಲ ಸಲ ಬಿಗಿ ಹೆಚ್ಚಾಗಿ ಬೆರಳು ನೀಲಿಗಟ್ಟಿದವು, ಬಿಚ್ಚಿ ಮತ್ತೆ ಕಟ್ಟಿದಳು. ಬೆರಳ ತುದಿಯಿಂದ ನೀರು ಹನಿಸಿದರೆ ಕೊಕ್ಕು ತೆರೆಯುತ್ತಿತ್ತು. ನೆನೆಸಿದ ನುಚ್ಚನ್ನು ಒಂದೊಂದೇ ಕಾಳು ಬಾಯಿಗಿಡಬೇಕಿತ್ತು.

"ನನ್ನ ಕೂಸಿಗೆ ಉಣಸಾಕ ಕರದ್ರ ಕೈ ಖಾಲಿ ಇಲ್ಲಂತಿ, ಇದಕ್ಕ ಉಣಸಾಕ ಎಲ್ಲಿಂದ ಬಂತು ಕೈ?" ಎಂದಳು ಇಂದ್ರವ್ವ.

"ನಿನ್ನ ಕೂಸು ಅತ್ತ ಕೇಳತೈತಿ. ಇದಕ್ಕ ಅಳಾಕ ಬರೂದಿಲ್ಲ."

"ನುಚ್ಚ ಯಾರ ಗಡಿಗಿದು?"

"ನನ್ನ ರೊಟ್ಟಿ ಒಂದ ಕಡಿಮಿ ಮಾಡು."

ಇಂದ್ರವ್ವ ನಿಜವಾಗಿಯೂ ಕಡಿಮೆ ಮಾಡಿದಳು. ಎರಡು ದಿನ ಸಾತವ್ವ ಪುಂಡಿಪಲ್ಲೆಯನ್ನೇ ಹೆಚ್ಚು ಉಂಡು ಎದ್ದಳು. ಮೂರನೆಯ ದಿನ ಲಗಮಣ್ಣ ಊಟದ ನಡುವೆ ತನ್ನ ತಾಟಿನಿಂದ ಅರ್ಧ ರೊಟ್ಟಿ ಮುರಿದು ಅಕ್ಕನ ತಾಟಿಗೆ ಹಾಕಿದ. ಇಂದ್ರವ್ವ ತಾಟುಗಳನ್ನು ಎಂದಿಗಿಂತ ಜೋರಾಗಿ ತೊಳೆದಳು. ಮರುದಿನದಿಂದ ರೊಟ್ಟಿ ಮೊದಲಿನಷ್ಟಾಯಿತು.

ನೊಣ ಕೂತು ಗಾಯದಲ್ಲಿ ಹುಳ ಬಿದ್ದಾಗ ಮನೆಯೆಲ್ಲ ನಾತ. "ಇದನ್ನ ತಿಪ್ಪಿಗೆ ಒಗಿ, ಇಲ್ಲಂದ್ರ ನಾ ಒಗೀತೇನಿ," ಎಂದಳು ಇಂದ್ರವ್ವ. ಸಾತವ್ವ ಬುಟ್ಟಿಯನ್ನು ಎತ್ತಿಕೊಂಡು ಲಕ್ಕವ್ವನ ಪಡಸಾಲೆಗೆ ಹೋದಳು. ಅಲ್ಲಿ ಕೂತು ಬೇವಿನ ಕಡ್ಡಿಯ ತುದಿಯಿಂದ ಹುಳಗಳನ್ನು ತೆಗೆದಳು, ಬೇವಿನೆಲೆ ಕುದಿಸಿದ ನೀರಲ್ಲಿ ತೊಳೆದಳು. ಆ ಜಾಗ ಯಾರ ಪಾಲಿನದೂ ಅಲ್ಲ, ಹಾಗಾಗಿ ಅಲ್ಲಿಂದ ಎಬ್ಬಿಸುವ ಅಧಿಕಾರವೂ ಯಾರಿಗೂ ಇರಲಿಲ್ಲ. ಬುಟ್ಟಿ ಅಲ್ಲೇ ಉಳಿಯಿತು. ಕೆಲವು ದಿನಗಳಲ್ಲಿ ಅವಳ ಕೌದಿಯೂ ಅಲ್ಲಿಗೇ ಬಂತು.

ಕಟ್ಟು ಬಿಚ್ಚಿದ ಮೇಲೆ ಮರಿ ಕುಂಟುತ್ತ ನಾಲ್ಕು ಹೆಜ್ಜೆ ಇಟ್ಟಿತು. ಇನ್ನು ತಾಯಿಯ ಹತ್ತಿರ ಬಿಡಬಹುದು ಎಂದು ಸಾತವ್ವನಿಗೆ ಅನ್ನಿಸಿತು. ಅದೇ ಅವಳು ಮಾಡಿದ ತಪ್ಪು. ತಾಯಿಕೋಳಿ ಉದ್ದಪ್ಪನ ಪಾಲಿಗೆ ಹೋಗಿತ್ತು. ಗೋಡೆಯ ಆಚೆ ಹೋಗಿ ಬಿಟ್ಟದ್ದೇ ತಡ, ತಾಯಿ ರೆಕ್ಕೆ ಉಬ್ಬಿಸಿ ಬಂದು ಮರಿಯ ನೆತ್ತಿ ಕುಕ್ಕಿತು. ಒಡಹುಟ್ಟಿದ ಮರಿಗಳು ಬೆನ್ನಿನ ಎಳೆಯ ತೊಗಲಿಗೆ ಬಾಯಿ ಹಾಕಿದವು. ಸಾತವ್ವ ಕಸಿದುಕೊಳ್ಳುವಷ್ಟರಲ್ಲಿ ಗಾಯ ಮತ್ತೆ ಕೆಂಪಾಗಿತ್ತು.

ಪಾತ್ರೆ ತಿಕ್ಕುತ್ತಿದ್ದ ಕೆಂಪವ್ವ ನೋಡಿ ನಕ್ಕಳು. "ಯಕ್ಕಾ, ಹಡದಾಕಿನ ಒಲ್ಲೆ ಅಂದ್ಳು. ನೀ ಯಾಕ ಗಂಟಬಿದ್ದಿ?"

"ಇಷ್ಟ ದಿನಾ ದೂರ ಇತ್ತಲ್ಲ, ಗುರುತ ಹತ್ತಲಿಲ್ಲ ಅದಕ್ಕ."

"ಗುರುತ ಹತ್ತಲಾರದ್ದಲ್ಲ. ಕುಂಟಿ ಅಂತ ಒಲ್ಲೆ ಅಂತು."

ಸಾತವ್ವ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಡಸಾಲೆಗೆ ತಿರುಗಿ ಬಂದಳು. ಮತ್ತೆ ಅರಿಸಿನ, ಮತ್ತೆ ಬೇವು, ಮತ್ತೆ ಬುಟ್ಟಿ.

ಅಮಾವಾಸ್ಯೆ ಬಂತು. ಉಣ್ಣುವ ತಾಟು ತೆಗೆದುಕೊಂಡು ಸಾತವ್ವ ಗೋಡೆಯ ಆಚೆ ಹೋದಳು. ಅಲ್ಲಿ ಕೆಂಪವ್ವನ ಅಡಿಗೆಗೆ ಕಾರ ಹೆಚ್ಚು, ಮಾತಿಗೂ ಅಷ್ಟೇ. ಸಾತವ್ವ ಬೆಳಿಗ್ಗೆ ಎಮ್ಮೆಯ ಸಗಣಿ ಬಾಚಿ, ನೀರು ತಂದು, ರೊಟ್ಟಿ ಬಡಿದು, ಶಿದ್ಲಿಂಗಪ್ಪ ಸಾವುಕಾರರ ಹೊಲಕ್ಕೆ ಕೂಲಿಗೆ ಹೋಗುವಳು. ಸಂಜೆ ಕೂಲಿಯ ಜೋಳವನ್ನು ಉಡಿಯಲ್ಲಿ ಕಟ್ಟಿಕೊಂಡು ಬಂದು, ಯಾರ ಪಾಳಿಯೋ ಅವರ ಗಡಿಗೆಗೆ ಸುರಿಯುವಳು. ಬರುವಾಗ ಹೊಲದ ಬದುವಿನಿಂದ ಒಂದಿಷ್ಟು ಹುಳಹುಪ್ಪಟೆಯನ್ನು ಎಲೆಯಲ್ಲಿ ಸುತ್ತಿ ತರುವಳು. ಮರಿ ಅವಳ ಹೆಜ್ಜೆಯ ಸಪ್ಪಳಕ್ಕೇ ಬುಟ್ಟಿಯೊಳಗೆ ಚಿಂವ್‌ಚಿಂವ್ ಅನ್ನುವುದನ್ನು ಕಲಿಯಿತು.

ಹೀಗೆ ಪಾಳಿಗಳು ಉರುಳಿದವು. ಮರಿಗೆ ಪುಕ್ಕ ಮೂಡಿದವು. ಬೆನ್ನಿನ ಮೇಲೆ ಅಂಗೈಯಷ್ಟಗಲ ಮಾತ್ರ ಬೋಳಾಗಿಯೇ ಉಳಿಯಿತು, ಕುಂಟುವುದೂ ಹೋಗಲಿಲ್ಲ. ಕೇರಿಯ ಕೋಳಿಗಳು ಕಂಡಲ್ಲಿ ಅಟ್ಟಿಸಿಕೊಂಡು ಬಂದು ಕುಕ್ಕುತ್ತಿದ್ದವು. ಅದಕ್ಕೇ ಸಾತವ್ವ ಕೂಲಿಗೆ ಹೋಗುವಾಗ ಅದನ್ನು ಬುಟ್ಟಿಯಡಿ ಮುಚ್ಚಿ, ಮೇಲೊಂದು ಕಲ್ಲು ಹೇರಿ ಹೋಗುತ್ತಿದ್ದಳು.

ಬಿಸಿಲು ಬಲಿಯುವ ಹೊತ್ತಿಗೆ ಊರ ಕೋಳಿಗಳಿಗೆ ಬೇನೆ ಬಂತು. ಕತ್ತು ತಿರುವಿ ತೂಕಡಿಸುತ್ತಿದ್ದ ಕೋಳಿ ಸಂಜೆಯೊಳಗೆ ಕಾಲು ಚಾಚುತ್ತಿತ್ತು. ಲಗಮಣ್ಣನ ಪಾಲಿನ ನಾಲ್ಕೂ ಹೋದವು. ಉದ್ದಪ್ಪನ ಪಾಲಿನವೂ ಹೋದವು, ತಾಯಿಕೋಳಿಯೂ ಹೋಯಿತು. ಕೇರಿಗೆ ಕೇರಿಯೇ ಕೋಳಿ ಕೂಗದೆ ಬೆಳಗಾಗತೊಡಗಿತು. ಯಾವ ಕೋಳಿಯೂ ಹತ್ತಿರ ಸೇರಿಸದಿದ್ದ ಕುಂಟಿ ಮಾತ್ರ ಪಡಸಾಲೆಯ ಬುಟ್ಟಿಯಡಿ ಬದುಕಿಕೊಂಡಿತು. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಅದು ಲಕ್ಕವ್ವನ ಜಗುಲಿಯ ಕೆಳಗೆ ಮೊದಲ ತತ್ತಿ ಇಟ್ಟಿತು.

ತತ್ತಿಯ ಸುದ್ದಿ ಗೋಡೆಯ ಎರಡೂ ಕಡೆ ಒಟ್ಟಿಗೇ ಮುಟ್ಟಿತು.

"ನಮ್ಮ ಅಂಗಳದಾಗ ಬಿದ್ದಿದ್ದು ಅದು," ಎಂದಳು ಇಂದ್ರವ್ವ. ಅವಳು ಎರಡನೆಯ ಬಸುರಿ, ದಿನ ತುಂಬುತ್ತ ಬಂದಿತ್ತು. "ಬಿದ್ದಾಗ ನಮ್ಮ ಹಂಡೇಕ್ಕ ಅದರ ಕಾಲ ತಾಗಿತ್ತು. ನಾನ ಕಣ್ಣಾರೆ ನೋಡೇನಿ."

"ಆವಾಗ ಅಂಗಳ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ," ಎಂದಳು ಕೆಂಪವ್ವ. "ತಾಯಿಕೋಳಿ ಯಾರ ಪಾಲಿಗೆ ಬಂತು? ನಮ್ಮ ಪಾಲಿಗೆ. ತಾಯಿ ನಮ್ಮದಂದ ಮ್ಯಾಲ ಮರಿನೂ ನಮ್ಮದ."

"ತಾಯಿ ಕುಕ್ಕಿ ಕಳಿಸಿದ್ದು ಮರತಿಯೇನ?"

"ನೀ ತಿಪ್ಪಿಗೆ ಒಗೀತೇನಿ ಅಂದಿದ್ದು ಮರತಿಯೇನಕ್ಕಾ?"

"ಬಾಣಂತಿಗೆ ತತ್ತಿ ಬೇಕು. ನೀ ಏನ ಬಾಣಂತಿ ಏನ?"

"ನನ್ನ ಗಂಡ ಗಿರಣ್ಯಾಗ ದುಡದು ಸೊರಗ್ಯಾನ. ಅವಗೂ ಬೇಕು."

ಉದ್ದಪ್ಪನಿಗೆ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಬದಲಿ ಕೆಲಸ ಹೋಗಿ ಕಾಯಂ ಪಗಾರದ ಕೆಲಸ ಸಿಕ್ಕಿತ್ತು. ಅಲ್ಲಿ ಚಾಳದಲ್ಲಿ ಒಂದು ಖೋಲಿಯೂ ಗೊತ್ತಾಗಿತ್ತು. ಕೆಂಪವ್ವ ಗಂಡನ ಜೊತೆ ಹೋಗುವವಳಿದ್ದಳು. ಎಮ್ಮೆ, ಮನೆ, ಪಾಲಿಗೆ ಬಂದ ತುಂಡು ಹೊಲ ಇವುಗಳನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು.

ಇಬ್ಬರೂ ಬೇರೆಬೇರೆಯಾಗಿ ಪಡಸಾಲೆಗೆ ಬಂದರು. ಮೊದಲು ಇಂದ್ರವ್ವ ಬಂದಳು, ಕೈಯಲ್ಲಿ ಬೆಲ್ಲ ಹಾಕಿದ ಮಾದಲಿಯ ಬಟ್ಟಲು.

"ಯಕ್ಕಾ, ತಗೋರಿ. ಈ ಅಮಾಸಿ ಆದ ಮ್ಯಾಲ ನೀವು ಅತ್ತಾಗ ಹೋಗಬ್ಯಾಡ್ರಿ. ನನ್ನ ಬಾಣಂತನ ಆಗಲಿ. ಆಮ್ಯಾಲೂ ಇಲ್ಲೇ ಇರ್ರಿ."

ಇಷ್ಟು ವರುಷಗಳಲ್ಲಿ ಇಂದ್ರವ್ವ 'ರಿ' ಹಚ್ಚಿ ಮಾತಾಡಿದ್ದನ್ನು ಸಾತವ್ವ ಕೇಳಿರಲಿಲ್ಲ. ಮಾದಲಿಯನ್ನು ತಿಂದಳು. ಕೋಳಿಗೂ ಒಂದು ಚಿಟಿಕೆ ಹಾಕಿದಳು.

ಸ್ವಲ್ಪ ಹೊತ್ತಿಗೆ ಕೆಂಪವ್ವ ಬಂದಳು. "ಯಕ್ಕಾ, ನಮ್ಮ ಮನೀ ಕೀಲಿನ ನಿಮ್ಮ ಕೈಯಾಗ ಕೊಟ್ಟ ಹೊಕ್ಕೀನ್ರಿ. ಹಾಲು ನಿಮ್ಮದ, ಮಜ್ಜಿಗಿ ನಿಮ್ಮದ. ಬೆಣ್ಣಿ ಮಾತ್ರ ವಾರಕ್ಕೊಮ್ಮಿ ಸೂಟಿಗೆ ಬರೂ ನಿಮ್ಮ ತಮ್ಮನ ಕೈಯಾಗ ಕಳಿಸಿದ್ರ ಸಾಕು."

"ಸಗಣಿ ಯಾರದು?" ಎಂದು ಕೇಳಿದಳು ಸಾತವ್ವ.

ಕೆಂಪವ್ವ ನಗಬೇಕೋ ಬೇಡವೋ ತಿಳಿಯದೆ ನಿಂತಳು.

ಅಮಾವಾಸ್ಯೆಗೆ ನಾಲ್ಕು ದಿನ ಮೊದಲು ಸತ್ತೆಪ್ಪ ಕಾಕಾನನ್ನು ಕರೆಸಿದರು. ಉದ್ದಪ್ಪನಿಗೆ ಅಂದು ಗಿರಣಿಯ ಸೂಟಿ. ಸಂಜೆ, ಬಿಸಿಲು ಇನ್ನೂ ಗೋಡೆಯ ತುದಿಯ ಮೇಲಿತ್ತು. ಸಾತವ್ವ ಕೂಲಿಯಿಂದ ಬಂದು, ಜೋಳ ಕಟ್ಟಿದ ಉಡಿಯಲ್ಲೇ ಪಡಸಾಲೆಯ ಒಳಗೆ ನಿಂತಿದ್ದಳು. ಹೊರಗೆ ಕಟ್ಟೆಯ ಮೇಲೆ ಮಾತು ನಡೆದಿತ್ತು.

"ಹೋದ ಸಲ ಇಬ್ಬರೂ ಬ್ಯಾಡಂದ್ರಿ, ಈ ಸಲ ಇಬ್ಬರೂ ಬೇಕಂತೀರಿ," ಎಂದ ಸತ್ತೆಪ್ಪ. "ನಿಮ್ಮ ನ್ಯಾಯ ಹರಿಯೂದರಾಗ ನನ್ನ ಹಲ್ಲ ಉದರತಾವು. ರೂಢಿ ಏನೈತಿ, ಹಾಂಗ ಮಾಡ್ರಿ. ಲಗಮಣ್ಣಾ, ನೀ ಹಿರ್ಯಾ. ಪಾಲು ಹಚ್ಚು."

"ಹ್ಯಾಂಗ ಹಚ್ಚಲಿ ಕಾಕಾ? ಕೋಳಿ ಒಂದ ಐತಿ."

"ಕೋಳಿ ಒಂದ ಕಡೆ ಇಡು. ಅಕ್ಕನ್ನ ಒಂದ ಕಡೆ ಇಡು. ತಮ್ಮ ಆರಿಸಲಿ."

ಲಗಮಣ್ಣ ತಲೆ ಕೆರೆದುಕೊಂಡ. "ಆತು. ಎಡಕ್ಕ ಕೋಳಿ, ಬಲಕ್ಕ ಅಕ್ಕ," ಎಂದ.

ಸಾತವ್ವ ಕಿಂಡಿಯಿಂದ ಉದ್ದಪ್ಪನ ಮುಖ ನೋಡಿದಳು. ಸಣ್ಣವನಿದ್ದಾಗ ಅವನನ್ನು ಸೊಂಟದ ಮೇಲೆ ಹೊತ್ತು ಘಟಪ್ರಭೆಯ ದಂಡೆಯವರೆಗೂ ನಡೆದವಳು ಅವಳು. ಉದ್ದಪ್ಪ ಹೆಂಡತಿಯ ಕಡೆ ನೋಡಿದ. ಕೆಂಪವ್ವ ಬೆರಳು ಮಡಿಚುತ್ತ ಏನೋ ಎಣಿಸುತ್ತಿದ್ದಳು.

"ಕುಂಟಿ ಎಷ್ಟ ವರ್ಷ ತತ್ತಿ ಇಟ್ಟೀತು, ಕಾಕಾ?" ಎಂದು ಅವಳು ಕೇಳಿದಳು.

"ಎರಡ ವರ್ಷ, ಮೂರ ವರ್ಷ."

"ಅಕ್ಕ ಇನ್ನೂ ಗಟ್ಟಿ ಅದಾರ ಖರೆ," ಎಂದಳು ಬಾಗಿಲ ಮರೆಯಿಂದ ಇಂದ್ರವ್ವ, ಅವಸರದಲ್ಲಿ. ಪಾಲು ಹಚ್ಚಿದ್ದು ತನ್ನ ಗಂಡನೇ, ಕಿರಿಯವನು ಅಕ್ಕನನ್ನು ಆರಿಸಿಬಿಟ್ಟರೆ ತನ್ನ ಪಾಲಿಗೆ ಬರೀ ಕೋಳಿ ಎಂಬುದು ಅವಳಿಗೆ ಆಗಷ್ಟೇ ಹೊಳೆದಿತ್ತು. "ಆದ್ರ ಮಣಕಾಲ ಬ್ಯಾನಿ ಐತಿ ಅವರಿಗೆ. ಎಮ್ಮಿ ಕೆಲಸ ಆಗೂದಿಲ್ಲ."

"ನಿನ್ನ ಬಾಣಂತನಕ್ಕ ಇಲ್ಲದ ಮಣಕಾಲ ಬ್ಯಾನಿ ನನ್ನ ಎಮ್ಮಿಗೆ ಬಂತೇನು?"

"ಸುಮ್ಮನಿರ್ರೆವಾ," ಎಂದು ಗದರಿದ ಸತ್ತೆಪ್ಪ. "ಉದ್ದಪ್ಪಾ, ಯಾವದು ಬೇಕು ಹೇಳು."

"ಅಮಾಸಿ ದಿನಾ ಹೇಳತೇನ್ರಿ ಕಾಕಾ," ಎಂದ ಉದ್ದಪ್ಪ. "ಒಂದಿಷ್ಟ ವಿಚಾರ ಮಾಡಿ."

ಸತ್ತೆಪ್ಪ ಕೋಲೂರಿ ಎದ್ದ. ಹೋಗುವ ಮುಂಚೆ ಪಡಸಾಲೆಯ ಕಡೆ ತಿರುಗಿ, "ಸಾತೂ, ಕೇಳಿಸ್ತಿಲ್ಲೊ? ನಿನಗೇನರ ಹೇಳೂದೈತೇನ?" ಎಂದ.

"ನಂದೇನೈತಿ ಕಾಕಾ. ಅಮಾಸಿ ಬರಲಿ," ಎಂದಳು ಸಾತವ್ವ.

ಎಲ್ಲರೂ ತಮ್ಮ ತಮ್ಮ ಕಡೆ ಹೋದರು. ಸಾತವ್ವ ಉಡಿ ಬಿಚ್ಚಿದಳು. ಈ ತಿಂಗಳ ಪಾಳಿ ಇಂದ್ರವ್ವನದು, ಜೋಳ ಅವಳ ಗಡಿಗೆಗೆ ಹೋಗಬೇಕು. ಬಾಗಿಲವರೆಗೆ ಹೋದಳು. ಅಲ್ಲಿ ಒಂದು ಗಳಿಗೆ ನಿಂತು, ತಿರುಗಿ ಬಂದಳು. ಜಗುಲಿಯ ಮೂಲೆಯಲ್ಲಿ ಅವ್ವನ ಕಾಲದ ಮಣ್ಣಿನ ಗಡಿಗೆ ಬಾಯಿ ಸೀಳಿದ್ದಕ್ಕೆ ಯಾವ ಗುಂಪಿಗೂ ಸೇರದೆ ಉಳಿದುಬಿಟ್ಟಿತ್ತು. ಅದನ್ನು ಸೆರಗಿನಿಂದ ಒರೆಸಿ, ಜೋಳವನ್ನು ಅದರೊಳಗೆ ಸುರಿದಳು. ತಳ ಮುಚ್ಚಿತು. ನಾಳೆಯ ಕೂಲಿ ಬಂದರೆ ಇನ್ನೊಂದಿಷ್ಟು ಏರುತ್ತದೆ. ಇಂದ್ರವ್ವನ ಬಾಣಂತನಕ್ಕೆ ಎಣ್ಣೆನೀರು ಹಾಕಬೇಕಾದರೆ ಹಾಕಿ ಬರಬಹುದು. ಕೆಂಪವ್ವನ ಎಮ್ಮೆಗೆ ಹುಲ್ಲು ಹಾಕಬೇಕಾದರೆ ಅದನ್ನೂ ಹಾಕಿ ಬರಬಹುದು. ಹೋಗಿ, ತಿರುಗಿ ಬರಬಹುದು.

ಬುಟ್ಟಿ ಎತ್ತಿದಳು. ಕುಂಟಿ ಆ ದಿನದ ತತ್ತಿಯ ಮೇಲೆ ಕಾವಿಗೆ ಕೂತಿತ್ತು. ಕೈ ಹಾಕಿದರೆ ಗುರುಗುಟ್ಟಿ, ಇನ್ನಷ್ಟು ಅಗಲವಾಯಿತು. ಸಾತವ್ವ ಕೈ ಹಿಂದಕ್ಕೆ ತೆಗೆದುಕೊಂಡಳು. ಹಿಂದಿನ ದಿನಗಳ ತತ್ತಿಗಳನ್ನು ಅವಳು ಯಾರಿಗೂ ಕೊಡದೆ ಬೂದಿಯಲ್ಲಿ ಇಟ್ಟಿದ್ದಳು. ಅವನ್ನೂ ತಂದು ಒಂದೊಂದಾಗಿ ರೆಕ್ಕೆಯಡಿ ಸರಿಸಿದಳು. ಊರಲ್ಲಿ ಹುಂಜಗಳೇ ಹೆಚ್ಚು ಉಳಿದಿರಲಿಲ್ಲ, ಮೇಲಿನ ಕೇರಿಯ ಮುದಕವ್ವನ ಹುಂಜ ಮಾತ್ರ ಒಂದೆರಡು ಸಲ ಇತ್ತ ಬಂದು ಹೋಗಿತ್ತು. ಒಡೆದರೆ ಒಡೆದವು, ಇಲ್ಲದಿದ್ದರೆ ಇಲ್ಲ.

ಆಮೇಲೆ ಅವಳು ಅಂಗಳಕ್ಕೆ ಇಳಿದು, ಗೋಡೆ ಕಟ್ಟಿ ಉಳಿದಿದ್ದ ಕಲ್ಲುಗಳಲ್ಲಿ ಚಪ್ಪಟೆಯಾದುದನ್ನು ಹುಡುಕತೊಡಗಿದಳು. ಒಂದನ್ನು ಒಳಗಿಟ್ಟು ಬಂದಳು. ಎರಡನೆಯದನ್ನು ಇಟ್ಟು ಬಂದಳು. ಮೂರನೆಯದನ್ನು ಎತ್ತಿ ಸೊಂಟಕ್ಕೆ ಆನಿಸಿಕೊಂಡು ಬರುವಾಗ ನೀರಿನ ಕೊಡ ಹೊತ್ತ ಕೆಂಪವ್ವ ಎದುರಾದಳು.

"ಏನ್ರಿ ಯಕ್ಕಾ, ಇಷ್ಟ ಕಲ್ಲ?"

"ಬುಟ್ಟಿ ಮ್ಯಾಲ ಹೇರಾಕ."

"ಬುಟ್ಟಿ ಮ್ಯಾಲ ಒಂದ ಸಾಕಲ್ಲರಿ?"

"ಮಳಿಗಾಲ ನೋಡು," ಎಂದಳು ಸಾತವ್ವ. "ಗಾಳಿ ಭಾಳ ಬಿಡತೈತಿ."

ಒಳಗೆ ಹೋಗಿ ಮೂರನೆಯ ಕಲ್ಲನ್ನು ಮೊದಲ ಎರಡರ ಎದುರಿಗೆ, ನಡುವೆ ಕಟ್ಟಿಗೆ ಹಿಡಿಯುವಷ್ಟು ಜಾಗ ಬಿಟ್ಟು ಇಟ್ಟಳು. ಸ್ವಲ್ಪ ಅಲುಗಾಡಿತು. ಅದರ ಕೆಳಗೆ ಒಂದು ಹಂಚಿನ ಚೂರು ಕೊಟ್ಟು, ಅಂಗೈಯಿಂದ ಒತ್ತಿ ನೋಡಿದಳು. ಗಟ್ಟಿಯಾಗಿ ಕೂತಿತು. ಬುಟ್ಟಿಯ ಹಳೆಯ ಅರಿವೆಯನ್ನು ಮೂರೂ ಕಲ್ಲುಗಳ ಮೇಲೆ ಹೊದಿಸಿ, ಆ ರಾತ್ರಿಯ ರೊಟ್ಟಿ ಬಡಿಯಲು ಇಂದ್ರವ್ವನ ಅಡಿಗೆಮನೆಗೆ ನಡೆದಳು.